ಆಯಿಯ ಬಳೆ ತೆಗೆದ ಕೈ

ನಮ್ಮ ಆಯಿಯ ಕೈಯಿಂದ ಮುತ್ತೈದೆ ಬಳೆಗಳನ್ನು ತೆಗೆದವನು ಒಬ್ಬ ಮುಸಲ್ಮಾನ. ಈ ಮಾತು ನಿಜ. ಇದರಷ್ಟು ಹೊಲಸು ಸುಳ್ಳನ್ನೂ ನಾನು ನನ್ನ ಜನ್ಮದಲ್ಲಿ ಕೇಳಿಲ್ಲ. ಅದು ಹೇಗೆ ಎಂದು ಹೇಳಬೇಕಾದರೆ ನಮ್ಮ ಮನೆಯ ಪಡಸಾಲೆಯಿಂದ ಸುರು ಮಾಡಬೇಕು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅಪ್ಪನ ತಾಯಿ, ಹೆಸರು ನೀಲಮ್ಮ. ಬಸವಕಲ್ಯಾಣದ ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲಬಾಗಿಲು ದಾಟಿದರೆ ಅಂಗಳ, ಅಂಗಳದಾಚೆ ಪಡಸಾಲೆ, ಅದರ ಹಿಂದೆ ಬೆಳಕಿಂಡಿಯೊಂದನ್ನೇ ನಂಬಿಕೊಂಡ ಕತ್ತಲೆಯ ಅಡುಗೆಮನೆ. ಅಪ್ಪ ಹೊಲ ನೋಡುತ್ತಿದ್ದ. ಅವನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಪೇಟೆಯಲ್ಲಿ ಅರಿವೆಯಂಗಡಿ ಇಟ್ಟಿದ್ದ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಹಾಗಾಗಿ ಮನೆಗೆ ನಾವಿಬ್ಬರೇ ಹುಡುಗಿಯರು, ಅಕ್ಕ ಕಮಲಾ ಮತ್ತು ನಾನು. ಗಂಡಸರು ಪಡಸಾಲೆಯಲ್ಲಿ ಉಂಡ ಮೇಲೆ ಹೆಂಗಸರು ಒಲೆಯ ಮುಂದೆ ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ತಿನ್ನುತ್ತ ಇಡೀ ಊರಿನ ಸುದ್ದಿಯನ್ನು ಜಾಲಾಡುತ್ತಿದ್ದೆವು. ಆಯಿ ವಿಧವೆ. ಆದರೆ ಮನೆಯ ಯಜಮಾನಿಕೆ ಅವಳದೇ. ಅವಳ ಎದುರು ದೊಡ್ಡಪ್ಪನೂ ದನಿ ಎತ್ತಿ ಮಾತಾಡುತ್ತಿರಲಿಲ್ಲ.

ಆ ಪಡಸಾಲೆಗೆ ಹಬ್ಬದ ಮುಂಚೆ ತಪ್ಪದೆ ಬರುತ್ತಿದ್ದವನು ಕಾಸೀಂ ಮಾಮಾ, ನಮ್ಮ ಓಣಿಯ ತುದಿಯಲ್ಲೇ ಮನೆ ಅಂಗಡಿ ಎರಡೂ ಇದ್ದ ಬಳೆಗಾರ. ಅಪ್ಪ ಅವನನ್ನು ಮಾಮಾ ಅನ್ನುತ್ತಿದ್ದ, ನಾವೂ ಮಾಮಾ ಅಂದೆವು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಅಂಗಳಕ್ಕೆ ಬಂದನೆಂದರೆ ಅಕ್ಕಪಕ್ಕದ ಹೆಂಗಸರೆಲ್ಲ ಕೆಲಸ ಬಿಟ್ಟು ಓಡಿ ಬರುತ್ತಿದ್ದರು. ಅವನು ಕೈ ಹಿಡಿಯುವ ರೀತಿಯೇ ಬೇರೆ. ಹೆಬ್ಬೆರಳಿನ ಬುಡವನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಅಂಗೈಯನ್ನು ಅರಿವೆಯ ಹಾಗೆ ಮೆತ್ತಗೆ ಮಾಡಿಬಿಡುತ್ತಿದ್ದ. ನಾನು ಹೆದರಿ ಕೈ ಬಿಗಿ ಹಿಡಿದರೆ ಬಳೆಯ ಮಾತೇ ಎತ್ತುತ್ತಿರಲಿಲ್ಲ.

“ಏನವ್ವ, ನಿಮ್ಮ ಎಮ್ಮಿ ಈದದಂತ, ಗಿಣ್ಣ ನನಗೆಲ್ಲಿ?” ಎಂದು ಕೇಳುತ್ತಿದ್ದ.

ಗಿಣ್ಣದ ಲೆಕ್ಕ ಒಪ್ಪಿಸುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದು ಕೂತಿರುತ್ತಿತ್ತು. ಬಳೆ ಇಟ್ಟು ಮುಗಿದ ಮೇಲೆ ಹೆಣ್ಣುಮಕ್ಕಳು ಬಳೆಗಾರನಿಗೆ ನಮಸ್ಕಾರ ಮಾಡಬೇಕು. ಇದು ನಮ್ಮ ಕಡೆಯ ಪದ್ಧತಿ. ಅವನು ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳಿದ್ದಿಲ್ಲ. ಕಾಸೀಂ ಮಾಮಾ ಎರಡೂ ಕೈ ಎತ್ತಿ “ಛಲೋ ಆಗಲಿ, ಬಳಿ ತುಂಬಿದ ಕೈ ತುಂಬಿದ್ಹಾಂಗ ಇರಲಿ” ಎನ್ನುತ್ತಿದ್ದ. ಅವ್ವ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿಯುತ್ತಿದ್ದಳು. ಆಯಿ ಮಾತ್ರ ಕಂಬಕ್ಕೆ ಒರಗಿ ಕೂತು, ಯಾರ ಕೈಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳುತ್ತಿದ್ದಳು.

ಆಯಿಯ ಬಳೆ ಹೋದದ್ದು ರಜಾಕಾರರ ಗದ್ದಲದ ಕಾಲದಲ್ಲಿ, ನಾನು ಹುಟ್ಟುವುದಕ್ಕಿಂತ ಬಹಳ ಮುಂಚೆ. ಈ ಕಥೆಯನ್ನು ಆಯಿ ಒಲೆಯ ಮುಂದೆ ಎಷ್ಟೋ ಸಲ ಹೇಳಿದ್ದಳು. ರಜಾಕಾರರು ನಮ್ಮ ಓಣಿಗೆ ಬಂದಿದ್ದರು, ಮನೆ ಹೊಕ್ಕು ಜೋಳ, ತಾಮ್ರದ ಹಂಡೆ ಎಲ್ಲ ಹೊತ್ತುಕೊಂಡು ಹೋಗಿದ್ದರು, ಅರ್ಧ ಓಣಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಓಡಿಹೋಗಿತ್ತು. ಅದನ್ನು ಆಯಿ ಎಂದೂ ಮುಚ್ಚಿಟ್ಟವಳಲ್ಲ. ಅವರ ಹೆಸರು ಬಂದರೆ ಮಣ್ಣು ತೂರಿ ಶಪಿಸುತ್ತಿದ್ದಳು. ಅಜ್ಜ ಸತ್ತದ್ದು ಅದೇ ವರ್ಷ, ಆದರೆ ವಿಷಮಜ್ವರದಿಂದ, ಇದೇ ಪಡಸಾಲೆಯಲ್ಲಿ, ಆಯಿಯ ತೊಡೆಯ ಮೇಲೆ. ಮಣ್ಣು ಮಾಡಿ ಬಂದ ಮೇಲೆ ಬಳಗದ ಮುದುಕಿಯರು ಅವಳ ಬಳೆ ಒಡೆಯಲು ಗುಂಡುಕಲ್ಲು ಹಿಡಿದುಕೊಂಡು ಕೂತರು. ಆಯಿಯ ಕೈ ದಪ್ಪ, ಹಸಿರು ಬಳೆಗಳು ಒತ್ತಾಗಿ ಕೂತಿದ್ದವು. ಕಲ್ಲು ಬಿದ್ದರೆ ಗಾಜಿನ ಜೊತೆ ಮಾಂಸವೂ ಬರುತ್ತಿತ್ತು. ಆಯಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಆಗ ಮೀಸೆ ಚಿಗುರುತ್ತಿದ್ದ ದೊಡ್ಡಪ್ಪನನ್ನು ಕರೆದು ಹೇಳಿದಳಂತೆ:

“ಇಟ್ಟಾಂವನ ಬಂದು ತೆಗೀಲಿ. ಹೋಗು, ಕಾಸೀಮನ್ನ ಕರಕೊಂಡು ಬಾ.”

ದೊಡ್ಡಪ್ಪನೇ ಓಡಿಹೋಗಿ ಕರೆತಂದ. ಆ ದಿನಗಳಲ್ಲಿ ನಮ್ಮ ಮನೆಯ ಹೊಸ್ತಿಲು ತುಳಿದದ್ದಕ್ಕೆ ಕಾಸೀಮನಿಗೆ ಅವನ ಮಂದಿಯೇ ಹೀನಾಮಾನ ಬೈದರಂತೆ. ಆದರೂ ಬಂದ. ಬಟ್ಟಲಿನಲ್ಲಿ ಎಣ್ಣೆ ತರಿಸಿ, ಆಯಿಯ ಕೈ ತಿಕ್ಕಿ, ಅಳುತ್ತ ಅಳುತ್ತಲೇ ಒಂದೊಂದಾಗಿ ಬಳೆ ತೆಗೆದ. ಒಂದೂ ಒಡೆಯಲಿಲ್ಲ, ಒಂದು ಗೀರೂ ಬೀಳಲಿಲ್ಲ. ಆ ಬಳೆಗಳನ್ನು ನೋಡಿಕೊಂಡು ಮನೆಯಲ್ಲಿರುವುದು ತನ್ನಿಂದಾಗದು, ಒಯ್ದುಬಿಡು ಎಂದು ಆಯಿಯೇ ಹೇಳಿದ್ದಕ್ಕೆ ಅವನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮುಂದೆ ಮಿಲಿಟರಿ ಬಂದು ಕಾಲ ತಿರುಗಿ ಬಿದ್ದಾಗ ಕಾಸೀಮನ ತಮ್ಮನನ್ನು ಯಾರೋ ಮನೆಯಿಂದ ಎಳೆದೊಯ್ದರು. ಅವನು ತಿರುಗಿ ಬರಲಿಲ್ಲ. ಅವನು ಯಾವ ರಜಾಕಾರನೂ ಆಗಿರಲಿಲ್ಲ, ಬಳೆ ಜೋಡಿಸಿ ಕಟ್ಟುವ ಹುಡುಗ. ಅವನಿಗಾಗಿ ನಮ್ಮೂರಲ್ಲಿ ಯಾರೂ ಮೈಕು ಹಿಡಿದು ಅತ್ತದ್ದನ್ನು ನಾನು ಕಾಣೆ.

ಮೈಕು ಹಿಡಿದು ಅಳುವವನು ಬಂದದ್ದು ನನಗೆ ಹನ್ನೊಂದೋ ಹನ್ನೆರಡೋ ವಯಸ್ಸಾದಾಗ. ಹೊರಗಿನವನು, ಊರೂರು ತಿರುಗಿ ಭಾಷಣ ಮಾಡುವವನು. ದೊಡ್ಡಪ್ಪನಿಗೆ ಆ ವರ್ಷ ಮುನಿಸಿಪಾಲಿಟಿಗೆ ಆರಿಸಿ ಬರುವ ಹುಚ್ಚು ಹತ್ತಿತ್ತು, ಹಾಗಾಗಿ ಅತಿಥಿಯನ್ನು ನಮ್ಮ ಮನೆಯಲ್ಲೇ ಇಳಿಸಿದ. ರಾಕ್ಷಸನಂತಿದ್ದ ಎಂದು ಬರೆದರೆ ನನ್ನ ಸಿಟ್ಟಿಗೆ ಸಮಾಧಾನವಾದೀತು, ಆದರೆ ಅವನು ಹಾಗಿರಲಿಲ್ಲವಲ್ಲ! ಹಸನ್ಮುಖಿ. ಅವ್ವ ಮಾಡಿದ ಜುಣಕವನ್ನು ಹೊಗಳಿ ಹೊಗಳಿ ಉಂಡ, ನನ್ನ ಪಾಠದ ಪದ್ಯ ಹೇಳಿಸಿ ಭೇಷ್ ಎಂದ, ಆಯಿಯ ಕಾಲು ಮುಟ್ಟಿ “ತಾಯೀ” ಎಂದ. ಊಟವಾದ ಮೇಲೆ ದೊಡ್ಡಪ್ಪನ ಜೊತೆ ಪಡಸಾಲೆಯಲ್ಲಿ ಕೂತು, ಈ ಊರಲ್ಲಿ ಯಾರಿಗೆ ಏನೇನು ನೋವಾಗಿದೆ ಎಂದು ಕೇಳಿದ. ವೈದ್ಯರು ಕೇಳುವ ಹಾಗೆ ಕೇಳಿದ. ದೊಡ್ಡಪ್ಪ ದನಿ ತಗ್ಗಿಸಿ ಏನೋ ಹೇಳುತ್ತಿದ್ದ. ನಾನು ತಾಂಬೂಲದ ತಟ್ಟೆ ಇಟ್ಟು ಬರುವಾಗ ಇಬ್ಬರೂ ಸುಮ್ಮನಾದರು.

ಮರುದಿನ ಸಂಜೆ ಪೇಟೆಯ ಬಯಲಿನಲ್ಲಿ ಸಭೆ. ಊರ ಹಿರಿಯರಿಗೆ ಸತ್ಕಾರವಿದೆ, ನೀನೂ ಬರಬೇಕು ಎಂದು ದೊಡ್ಡಪ್ಪ ಆಯಿಯನ್ನು ಒಪ್ಪಿಸಿದ. ಆಯಿ ಒಗೆದ ಬಿಳಿ ಸೀರೆ ಉಟ್ಟು ನನ್ನ ಕೈ ಹಿಡಿದು ಹೊರಟಳು. ಪಾಪ, ಖುಷಿಯಾಗಿಯೇ ಇದ್ದಳು. ಅವಳನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂಡಿಸಿ ಶಾಲು ಹೊದಿಸಿದರು. ನಾನು ಕೆಳಗೆ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತೆ. ಅತಿಥಿ ಮೊದಲು ಕೂಗಾಡಲಿಲ್ಲ. ಮೆತ್ತಗೆ ಸುರು ಮಾಡಿದ. ತಾನು ಯಾರ ಮೇಲೂ ದ್ವೇಷ ಹೇಳಲು ಬಂದಿಲ್ಲ, ಒಂದೆರಡು ಪ್ರಶ್ನೆ ಕೇಳಲು ಬಂದಿದ್ದೇನೆ ಎಂದ. ಆಮೇಲೆ ಆಯಿಯ ಹತ್ತಿರ ಬಂದು, ಅವಳ ಎರಡೂ ಕೈಗಳನ್ನು ಹಿಡಿದು ಜನರಿಗೆ ಕಾಣುವ ಹಾಗೆ ಮೇಲೆತ್ತಿದ.

“ಈ ತಾಯಿಯ ಕೈ ನೋಡಿ. ಆ ಕರಾಳ ವರ್ಷ ಈ ಕೈ ಬರಿದಾಯಿತು. ಈ ಕೈಯಿಂದ ಮುತ್ತೈದೆ ಬಳೆ ತೆಗೆದವನು ಯಾರು? ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು ಹೋದವನು ಯಾರು? ಹೆಸರು ನಾನು ಹೇಳುವುದಿಲ್ಲ, ನಿಮಗೇ ಗೊತ್ತು. ಅದೇ ಕೈ ಇವತ್ತು ನಿಮ್ಮ ಅಂಗಳಕ್ಕೆ ಬಂದು ನಿಮ್ಮ ಹೆಣ್ಣುಮಕ್ಕಳ ಕೈ ಹಿಡಿಯುತ್ತದೆ. ನಿಮ್ಮ ಹೆಣ್ಣುಮಕ್ಕಳು ಅದಕ್ಕೇ ತಲೆ ಬಾಗುತ್ತಾರೆ. ಹೌದೋ ಅಲ್ಲವೋ?”

“ಹೌದು!” ಎಂದಿತು ಬಯಲು.

ದೊಡ್ಡವಳಾದ ಮೇಲೆ ನಾನು ಈ ಮಾತುಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸಿ ನೋಡಿದ್ದೇನೆ. ಹಿಡಿದು ತೋರಿಸಲು ಒಂದು ಹರಳೂ ಸಿಗುವುದಿಲ್ಲ. ವರ್ಷ ನಿಜ, ಕೈ ನಿಜ, ಚೀಲ ನಿಜ, ನಮಸ್ಕಾರವೂ ನಿಜ. ಅಜ್ಜನ ಜ್ವರವನ್ನು ಬಿಟ್ಟ, ಗುಂಡುಕಲ್ಲನ್ನು ಬಿಟ್ಟ, ಎಣ್ಣೆಯ ಬಟ್ಟಲನ್ನು ಬಿಟ್ಟ, ಕರೆದು ತಂದವನನ್ನು ಬಿಟ್ಟ. ಬಿಡುವುದರಲ್ಲೇ ಅವನ ಕಸುಬಿತ್ತು. ಉಳಿದದ್ದನ್ನು ಪ್ರಶ್ನೆ ಮಾಡಿ ಜನರ ಬಾಯಿಂದಲೇ ಉತ್ತರ ತೆಗೆಸಿದ, ಅಪವಾದ ಹೊರಿಸಿದವನು ತಾನಲ್ಲ ಎಂದು ನಾಳೆ ಕೈ ತೊಳೆದುಕೊಳ್ಳಲಿಕ್ಕೆ. ಇಂಥ ಜಾಣತನಕ್ಕೆ ಬೆಂಕಿ ಹಚ್ಚಬೇಕು.

ಆಯಿ ಮೊದಲು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದಳು. ಅದು ತನ್ನದೇ ಕಥೆ ಎಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು. ತಿಳಿದದ್ದೇ ತಡ, ಕೈ ಕಿತ್ತುಕೊಂಡು ಎದ್ದು ನಿಂತಳು. ಶಾಲು ಕೆಳಗೆ ಬಿತ್ತು.

“ಸುಳ್ಳ! ಹಾಂಗಲ್ಲದು! ಕಾಸೀಮನ್ನ ಕರಸಿದಾಕಿ ನಾನ. ನನ್ನ ಕೈ ಉಳಿಸ್ಯಾನ ಆಂವ. ಏ ಬಸಣ್ಣಾ, ನೀನ ಕರಕೊಂಡು ಬಂದಿದ್ದೆಲ್ಲೊ, ಬಾಯಿ ಬಿಟ್ಟು ಹೇಳೊ!”

ಬಸಣ್ಣ ಎಂದರೆ ನಮ್ಮ ದೊಡ್ಡಪ್ಪ. ವೇದಿಕೆಯ ಅಂಚಿನಲ್ಲಿ ನಿಂತಿದ್ದವನು ತಲೆ ಎತ್ತಲಿಲ್ಲ. ಆಯಿಯ ಕೂಗು ನಮಗೆ, ಮುಂದಿನ ಸಾಲಿನವರಿಗೆ ಮಾತ್ರ ಕೇಳಿತು, ಯಾಕೆಂದರೆ ಮೈಕು ಅತಿಥಿಯ ಕೈಯಲ್ಲಿತ್ತು. ಅವನು ಒಂದು ಕೈಯಿಂದ ಆಯಿಯ ಹೆಗಲು ತಬ್ಬಿ ಹಿಡಿದು, ಮೈಕನ್ನು ತನ್ನ ಬಾಯಿಗೆ ತಂದುಕೊಂಡು ಗದ್ಗದನಾದ.

“ನೋಡಿ, ತಾಯಿಗೆ ದುಃಖ ಉಕ್ಕಿ ಬಂದಿದೆ. ಮಾತೇ ಹೊರಡುತ್ತಿಲ್ಲ. ಈ ಕಣ್ಣೀರಿಗೆ ನೀವು ಉತ್ತರ ಕೊಡಬೇಕು.”

ಆಯಿಯ ಬಾಯಿ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಸುಳ್ಳ ಸುಳ್ಳ ಎಂದು ಅವಳು ಒದರುತ್ತಲೇ ಇದ್ದಳು. ಬಯಲಿನ ತುಂಬ ಜನ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಹಿಂದಿನಿಂದ ಗಂಡಸರು ಘೋಷಣೆ ಕೂಗಿದರು. ನಾನು ಎದ್ದು “ನಮ್ಮ ಆಯಿ ಅಳಾಕತ್ತಿಲ್ಲ, ಬೈಯಾಕತ್ತಾಳ!” ಎಂದು ಚೀರಿದೆ. ಪಕ್ಕದ ಹೆಂಗಸು ನನ್ನ ಲಂಗ ಹಿಡಿದು ಕೂಡಿಸಿ, “ಸುಮ್ಮ ಕುಂಡ್ರವ್ವ, ಪಾಪ ನಿಮ್ಮ ಆಯಿಗಿ ಎಷ್ಟು ಸಂಕಟ ಆಗ್ಯಾದ” ಎಂದು ತನ್ನ ಮೂಗು ಸೀಟಿದಳು. ಆ ಹೆಂಗಸಿನ ಮುಖ ನನಗೆ ಇವತ್ತಿಗೂ ನೆನಪಿದೆ, ಒಳ್ಳೆಯ ಹೆಂಗಸು.

ಅವತ್ತು ನಮ್ಮ ಅಡುಗೆಮನೆಯಲ್ಲಿ ಯಾರ ತಾಟಿಗೂ ರೊಟ್ಟಿ ಬೀಳಲಿಲ್ಲ. ಆಯಿ ಪಡಸಾಲೆಯ ನಡುವೆ ನಿಂತು ದೊಡ್ಡಪ್ಪನನ್ನು ಹಿಡಿದಳು. ಅಪ್ಪ ಕಂಬದ ಹಿಂದೆ ಕಂಬವಾಗಿ ನಿಂತಿದ್ದ.

“ನಾ ಒಂದರೆ ಸುಳ್ಳು ಹೇಳೀನೇನವ್ವ?” ಎಂದ ದೊಡ್ಡಪ್ಪ. “ಬಳಿ ಕಾಸೀಮ ತೆಗದಾನೋ ಇಲ್ಲೋ? ಅಷ್ಟ ಹೇಳೀನಿ. ಅವ್ರು ಹ್ಯಾಂಗ ಹೇಳಿದ್ರೋ ಅದು ಅವ್ರಿಗೆ ಬಿಟ್ಟಿದ್ದು.”

“ನೀ ಹೇಳಿದ್ದು ಖರೆ ಅಂತಿ. ಹಾಂಗಾರ ನಾಳಿ ಪ್ಯಾಟ್ಯಾಗ ನಿಂತು ಉಳಿದದ್ದೂ ಹೇಳು.”

“ಮಂದಿ ಈಗ ಸಿಟ್ಟಿನ್ಯಾಗ ಅದಾರ. ಈಗ ಹೇಳಿದ್ರ ನನ್ನ ಇಜ್ಜತ್ತು ಹೋಗ್ತದ.”

“ನಿನ್ನ ಇಜ್ಜತ್ತು ನನ್ನ ಕೈಯಾಗ ಕಟಗೊಂಡು ಮೆರವಣಿಗಿ ಮಾಡ್ದಿ, ಭಾಡ್ಯಾ,” ಎಂದು ಆಯಿ ಅವನ ಮುಂದೆ ಕೈ ಚಾಚಿದಳು. ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಆಯಿ ಸುಮ್ಮನೆ ಕೂರುವವಳಲ್ಲ. ಮರುದಿನದಿಂದ ಮನೆ ಮನೆ ಹತ್ತಿ ಇಳಿದಳು. ನಾನೂ ಹಿಂದೆ ಹಿಂದೆ. ಹೆಂಗಸರು ಕಂಬಳಿ ಹಾಸಿ, ನೀರು ಕೊಟ್ಟು, ಪೂರಾ ಕಥೆ ಕೇಳಿದರು. “ಹೌದ್ರಿ ಆಯಿ, ಹೌದ್ರಿ” ಎಂದು ತಲೆ ಆಡಿಸಿದರು. ನಾವು ಹೊಸ್ತಿಲು ದಾಟಿದ ಮೇಲೆ ಒಳಗಿನಿಂದ “ಯಾರೋ ಅಂಜಿಸ್ಯಾರ ಮುದಿಕಿಗಿ” ಎನ್ನುವುದು ಕೇಳಿಸುತ್ತಿತ್ತು. ಒಬ್ಬಳಂತೂ ಎದುರಿಗೇ ಹೇಳಿದಳು, ಆಯಿ ನಿಮಗ ವಯಸ್ಸಾಗ್ಯಾದ, ಮರೆವು ಬರ್ತದ ಅಂತ. ತನ್ನ ಗಂಡ ಸತ್ತದ್ದು ಹೇಗೆ ಎಂಬುದನ್ನು ಆಯಿ ಮರೆತಿದ್ದಾಳೆ, ಅದು ಪೇಟೆಯ ಬಯಲಿಗೆ ನೆನಪಿದೆ! ಇದನ್ನು ಎಲ್ಲಿ ಹೋಗಿ ಹೇಳೋಣ? ಕಾಸೀಂ ಮಾಮಾನನ್ನು ಯಾರೂ ಅಂಗಳಕ್ಕೆ ಕರೆಯದಾದರು. ನಾಗರ ಪಂಚಮಿಯ ಹೊತ್ತಿಗೆ ಅವನ ಅಂಗಡಿಗೆ ಕಲ್ಲು ಬಿತ್ತು. ಓಣಿಯ ತುಂಬ ಗಾಜು, ಹಸಿರು, ಕೆಂಪು, ಹಳದಿ. ಅವನ ಹೆಂಡತಿ ಬರಿಗೈಯಿಂದ ಅದನ್ನು ಬಳಿಯುತ್ತಿದ್ದಳು, ಅವ್ವ ನಮ್ಮ ಕಸಬರಿಗೆ ತಗೊಂಡು ಹೋಗಿ ಜೊತೆಗೆ ಬಳಿದಳು. ಓಣಿಯಲ್ಲಿ ಬೇರೆ ಯಾರೂ ಮನೆಯಿಂದ ಹೊರಗೆ ಬರಲಿಲ್ಲ.

ಅಕ್ಕನ ಲಗ್ನ ಬಂತು. ಗಂಡಿನವರು ಹುಮನಾಬಾದದವರು. ಲಗ್ನಕ್ಕೆ ಮುಂಚೆ ಹೇಳಿ ಕಳಿಸಿದರು, ನಮ್ಮ ಸೊಸೆಗೆ ಸಾಬರ ಕೈಯಿಂದ ಬಳೆ ಇಡಿಸಬಾರದು, ಬೇರೆ ಬಳೆಗಾರನನ್ನು ನಾವೇ ಕಳಿಸುತ್ತೇವೆ ಎಂದು. ಅಪ್ಪ ಆಗಲಿ ಎಂದುಬಿಟ್ಟ. ಆಯಿ ಒಪ್ಪಲಿಲ್ಲ. ಅರಿಸಿನ ಹಚ್ಚಿದ ಅಕ್ಕನ ಕೈ ಹಿಡಿದುಕೊಂಡು, ಹಾಡುಹಗಲಲ್ಲಿ, ಇಡೀ ಓಣಿ ನೋಡುತ್ತಿರುವಾಗ ಕಾಸೀಂ ಮಾಮಾನ ಮನೆಗೆ ನಡೆದಳು. ಅವನು ಬಾಗಿಲಿಗೆ ಅಡ್ಡ ನಿಂತ.

“ಬ್ಯಾಡಕ್ಕಾ, ಮಾಫ್ ಮಾಡು. ನನ್ನ ಸಲುವಾಗಿ ಕೂಸಿನ ಲಗ್ನ ಕೆಡ್ತದ.”

“ಕೆಟ್ರ ಕೆಡಲಿ. ಇಕಿ ಹುಟ್ಟಿದಾಗ ಮೊದಲನೇ ಬಳಿ ಇಟ್ಟಾಂವ ನೀ. ಇಡು.”

ಅಕ್ಕ ತಾನೇ ಒಳಗೆ ಹೋಗಿ ಕೈ ಚಾಚಿ ಕೂತಳು. ಒಡೆದು ಉಳಿದ ಸರಕಿನಿಂದ ಹಸಿರು ಬಳೆ ಹುಡುಕಿ ಮಾಮಾ ಎರಡೂ ಕೈ ತುಂಬ ಇಟ್ಟ. ಅವತ್ತು ಎಮ್ಮೆಯ ಮಾತು, ಗಿಣ್ಣದ ಮಾತು ಏನೂ ಇಲ್ಲ. ಅಕ್ಕ ನಮಸ್ಕಾರ ಮಾಡಿದಳು. ಹೊರಗೆ ನಿಂತವರು ಕಾಣಲಿ ಎಂದೇ ಬಾಗಿಲಲ್ಲಿ ನಿಂತು ಆಯಿಯೂ ಕೈ ಮುಗಿದಳು. ಗಂಡಿನವರು ಕಳಿಸಿದ ಬಳೆಗಾರ ಬಂದಾಗ ಅಕ್ಕನ ಕೈಯಲ್ಲಿ ಜಾಗವಿರಲಿಲ್ಲ, ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಹೋದ. ಲಗ್ನವೇನೂ ಕೆಡಲಿಲ್ಲ. ಆಯಿ ಗೆದ್ದಳು ಎಂದು ನಾನು ಓಣಿಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದೆ.

ಅಕ್ಕ ಮೊದಲ ಪಂಚಮಿಗೆ ತವರಿಗೆ ಬಂದಾಗ ಅವಳ ಮಣಿಕಟ್ಟಿನ ಮೇಲೆ ಕಲೆಗಳಿದ್ದವು. ಗಂಡನ ಮನೆಗೆ ಕಾಲಿಟ್ಟ ದಿನವೇ, ಹೊಸ ಮದುಮಗಳನ್ನು ಬಚ್ಚಲಮನೆಗೆ ಒಯ್ದು, ಅತ್ತೆಯೂ ಅತ್ತೆಯ ತಂಗಿಯೂ ಕೂಡಿ ಅವಳ ಹಸಿರು ಬಳೆಗಳನ್ನೆಲ್ಲ ಕಲ್ಲಿನಿಂದ ಒಡೆದಿದ್ದರು. ರಕ್ತ ನಿಲ್ಲುವ ಮೊದಲೇ ಬೇರೆ ಬಳೆ ಏರಿಸಿದ್ದರು. ಮುತ್ತೈದೆಯ ಬಳೆ ಹೋಯಿತೆಂದು ಬಯಲಿನಲ್ಲಿ ಅತ್ತರಲ್ಲ, ಅದನ್ನು ನಂಬಿದ ಮಂದಿಯೇ ಮುತ್ತೈದೆಯ ಬಳೆ ಒಡೆದರು! ಗಂಡ ಬದುಕಿರುವಾಗ, ಅರಿಸಿನ ಆರುವ ಮುಂಚೆ. ಅಮಂಗಳ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಆಯಿ ಅಕ್ಕನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಅಷ್ಟು ಹೊತ್ತಿಗೆ ಕಾಸೀಂ ಮಾಮಾ ಸಂಸಾರ ಕಟ್ಟಿಕೊಂಡು ಜಹೀರಾಬಾದಿನ ಕಡೆಗೆ ಹೊರಟುಹೋಗಿದ್ದ. ಹೋಗುವಾಗ ಆಯಿಗೆ ಹೇಳಿ ಹೋಗಲಿಲ್ಲ. ಹೇಳಲು ಬಂದಿದ್ದರೆ ಆಯಿ ಬಿಡುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ದೊಡ್ಡಪ್ಪ ಮುನಿಸಿಪಾಲಿಟಿಗೆ ಆರಿಸಿ ಬಂದ. ಅವನ ಮೆರವಣಿಗೆ ನಮ್ಮ ಮನೆಯ ಮುಂದೆ ಬಂದಾಗ ಆಯಿ ತಲಬಾಗಿಲು ಹಾಕಿಸಿದಳು.

ನಾನು ಓದಿ ಮಾಸ್ತರಿಣಿಯಾದೆ, ಲಗ್ನವಾಗಿ ಹುಮನಾಬಾದಕ್ಕೇ ಬಂದೆ. ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ಬಾಡಿಗೆ ಮನೆ. ಕೊನೆಗಾಲಕ್ಕೆ ಆಯಿಯನ್ನು ನನ್ನ ಹತ್ತಿರವೇ ಕರೆತಂದೆ. ಕಣ್ಣು ಮಂಜಾಗಿದ್ದವು, ಹಲ್ಲಿರಲಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕಾಗಿತ್ತು. ಬಾಯಿ ಮಾತ್ರ ಹಾಗೇ ಇತ್ತು. ಒಂದು ಸಂಜೆ ನನ್ನ ಮಗಳು ರೇಣುಕಾ, ಆಗ ಅವಳಿಗೆ ಎಂಟೋ ಒಂಬತ್ತೋ, ಪಕ್ಕದ ಮನೆಯವರ ಜೊತೆ ಯಾವುದೋ ಭಾಷಣ ಕೇಳಲು ಹೋಗಿದ್ದವಳು ಬಿಕ್ಕುತ್ತ ಮನೆಗೆ ಬಂದಳು. ಬಂದವಳೇ ಚೀಲದಿಂದ ಒಂದು ರಿಬ್ಬನ್ನು ತೆಗೆದು ನನ್ನ ಮುಂದೆ ಎಸೆದಳು. ಅದು ಅವಳ ಗೆಳತಿ ಫಾತಿಮಾ ಕೊಟ್ಟದ್ದು.

“ನಾಳಿಂದ ನಾ ಫಾತಿಮಾನ ಬಾಜೂ ಕುಂಡ್ರಂಗಿಲ್ಲ,” ಎಂದಳು. “ಕಲ್ಯಾಣದಾಗ ಒಬ್ಬಾಕಿ ಆಯಿ ಇದ್ಳಂತವ್ವಾ. ಆಕಿ ಗಂಡನ್ನ ಆಕಿ ಕಣ್ಣ ಮುಂದ ಕಡದ್ರಂತ. ಬಳಿಗಾರ ಸಾಬ ಆಕಿ ಕೈ ಮುರದು ಬಳಿ ಕಸಗೊಂಡನಂತ. ಆಕಿ ಬಾವಿಗಿ ಬಿದ್ದು ಸತ್ಳಂತ.”

ಬಟ್ಟಲು ಹಿಡಿದು ರೊಟ್ಟಿ ಮೆಲ್ಲುತ್ತಿದ್ದ ಆಯಿ ಮೆಲ್ಲುವುದನ್ನು ನಿಲ್ಲಿಸಿದಳು. ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು, ನನ್ನ ಮನೆಯಲ್ಲಿ ಬೆಳೆದದ್ದು, ಅದರ ಬಾಯಲ್ಲಿ ಈ ಮಾತು! ರಟ್ಟೆ ಹಿಡಿದು ತಂದು ಆಯಿಯ ಮುಂದೆ ಕೂಡಿಸಿದೆ. ಆಯಿ ಬಟ್ಟಲು ಬದಿಗಿಟ್ಟು, ಸಿಟ್ಟಿಲ್ಲದೆ, ಅವಸರವಿಲ್ಲದೆ, ಜ್ವರದಿಂದ ಹಿಡಿದು ಎಣ್ಣೆಯವರೆಗೆ ಎಲ್ಲವನ್ನೂ ಹೇಳಿದಳು. ಒಲೆಯ ಮುಂದೆ ನಮಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು. ರೇಣುಕಾ ಕಣ್ಣರಳಿಸಿಕೊಂಡು ಕೇಳಿದಳು. ಕಾಸೀಂ ಮಾಮಾ ಅತ್ತದ್ದಕ್ಕೆ ತಾನೂ ಅತ್ತಳು. ಮುಗಿದ ಮೇಲೆ ಕಣ್ಣೊರೆಸಿಕೊಂಡಳು.

“ಹಾಂಗಾದ್ರ ಬಾವಿಗಿ ಬಿದ್ದಾಕಿ ಬ್ಯಾರೆ ಆಯಿ ಇರಬೇಕು,” ಎಂದಳು.

“ಬ್ಯಾರೆ ಯಾರೂ ಇಲ್ಲವ್ವ. ಆಕಿ ನಾನ,” ಎಂದಳು ಆಯಿ, ಎರಡೂ ಕೈ ಮುಂದೆ ಮಾಡಿ. “ಜೀವಂತ ಅದೀನಿ. ಮುಟ್ಟಿ ನೋಡು.”

ರೇಣುಕಾ ಆ ಸುಕ್ಕು ಮಣಿಕಟ್ಟುಗಳನ್ನು ಮುಟ್ಟಿ ನೋಡಿದಳು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೈ ಬಿಟ್ಟು ನನ್ನ ಕಡೆ ತಿರುಗಿದಳು.

“ಆದ್ರ ಅಲ್ಲಿ ಎಲ್ಲಾರೂ ಅಳಾಕತ್ತಿದ್ರಲ್ಲವ್ವಾ.”